ಬಿಟ್ಟಿ ಇಂಟರ್ನ್‌ಶಿಪ್‌ನಿಂದ ಮೊದಲ ಸಂಬಳದವರೆಗೆ: ಹೊಸ ಪದವೀಧರರಿಗೆ ಹದಿಮೂರು ಸೂತ್ರಗಳು

ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದದ್ದೇ ತಡ, ನೆಂಟರಿಷ್ಟರ ಪ್ರಶ್ನೆ ಶುರುವಾಗುತ್ತದೆ: 'ಕೆಲಸ ಆಯ್ತಾ?' ಕ್ಯಾಂಪಸ್ ಪ್ಲೇಸ್‌ಮೆಂಟ್ ಆಗದ ಹುಡುಗ ಹುಡುಗಿಯರು ಈ ಪ್ರಶ್ನೆಗೆ ಹೆದರಿ, ಮೊದಲು ಸಿಕ್ಕಿದ್ದಕ್ಕೆ ಕೈಹಾಕುತ್ತಾರೆ. ಹಾಗೆ ಮೊದಲು ಸಿಗುವುದು ಬಹಳ ಸಲ ಸಂಬಳವಿಲ್ಲದ ಇಂಟರ್ನ್‌ಶಿಪ್. 'ಅನುಭವ ಸಿಗುತ್ತೆ, ಸರ್ಟಿಫಿಕೇಟ್ ಕೊಡ್ತೀವಿ, ಚೆನ್ನಾಗಿ ಮಾಡಿದ್ರೆ ಮುಂದೆ ನೋಡೋಣ' ಎಂಬ ಮಾತಿಗೆ ತಲೆಯಾಡಿಸಿ, ಬ್ಯಾಗು ಹೆಗಲಿಗೇರಿಸಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಬೆಂಗಳೂರಿನಲ್ಲೇ ಮನೆಯಿರುವವರ ಮಗಳು ಆರು ತಿಂಗಳು ಬಿಟ್ಟಿ ದುಡಿದರೂ ಊಟಕ್ಕೆ, ಮಲಗುವ ಜಾಗಕ್ಕೆ ಕೊರತೆಯಿಲ್ಲ. ಸಿಂಧನೂರಿನಿಂದಲೋ ಹೊಸದುರ್ಗದಿಂದಲೋ ಬಂದವಳಿಗೆ ಅದೇ ಆರು ತಿಂಗಳೆಂದರೆ ಮನೆಯವರ ತಲೆಯ ಮೇಲೆ ಸಾಲ. ಇಂಟರ್ನ್‌ಶಿಪ್ ಒಂದೇ ಆದರೂ ಇಬ್ಬರೂ ತೆರುವ ಬೆಲೆ ಬೇರೆ. ಈ ಅನ್ಯಾಯ ನನ್ನನ್ನು ಬಹಳ ಕಾಡಿದೆ. ಕೆಳಗಿನ ಸೂತ್ರಗಳನ್ನು ಆ ಎರಡನೆಯ ಹುಡುಗಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

1. ಒಪ್ಪುವ ಮೊದಲು ಖರ್ಚಿನ ಲೆಕ್ಕ ಬರೆಯಿರಿ

ಒಂದು ಹಾಳೆ, ಒಂದು ಪೆನ್ನು ಸಾಕು. ವಿಜಯನಗರ, ಬಿಟಿಎಂ ಲೇಔಟ್, ಮಾರತಹಳ್ಳಿ ಕಡೆ ಮೂವರು ಹಂಚಿಕೊಳ್ಳುವ ಪಿಜಿ ಕೋಣೆಯಲ್ಲಿ ಒಂದು ಮಂಚಕ್ಕೆ ತಿಂಗಳಿಗೆ 8,000 ರೂಪಾಯಿ ಎಂದಿಟ್ಟುಕೊಳ್ಳಿ. ಬೆಳಗಿನ ತಿಂಡಿ, ರಾತ್ರಿಯೂಟ ಅದರಲ್ಲೇ ಬರುತ್ತದೆ. ಮಧ್ಯಾಹ್ನದ ಊಟ, ಟೀಗೆ ಇನ್ನೊಂದು 2,000. ಬಿಎಂಟಿಸಿ ಸಾಮಾನ್ಯ ಬಸ್ಸಿನ ಮಾಸಿಕ ಪಾಸು 2025ರ ಜನವರಿಯ ದರ ಏರಿಕೆಯಲ್ಲಿ 1,200 ಆಯಿತು. ಫೋನ್ ರೀಚಾರ್ಜಿಗೆ 300. ಒಟ್ಟು 11,500. ಮೂರು ತಿಂಗಳಿಗೆ 34,500. ಪಿಜಿಗೆ ಕೊಡುವ ಅಡ್ವಾನ್ಸ್, ಖಾಲಿ ಮಾಡುವಾಗ 'ಮೆಂಟೇನೆನ್ಸ್' ಹೆಸರಿನಲ್ಲಿ ಅದರಿಂದ ಮುರಿದುಕೊಳ್ಳುವ ಮೊತ್ತ, ಊರಿಗೆ ಹೋಗಿಬರುವ ಖರ್ಚು ಬೇರೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಉಳಿಯುತ್ತದೆ. ಹಾಗಾಗಿ ಆಫೀಸು ಸಾಮಾನ್ಯ ಬಸ್ಸಿನ ದಾರಿಯಲ್ಲಿದೆಯೋ, ಮೆಟ್ರೋಗೇ ಹೋಗಬೇಕೋ ಎಂದು ಮೊದಲೇ ನೋಡಿಕೊಳ್ಳಿ.

ಈ 34,500 ರೂಪಾಯಿ ಕೊಟ್ಟು ಕಲಿಯುವಂಥದ್ದು ಆ ಕಚೇರಿಯಲ್ಲಿ ಏನಿದೆ? ಅಪ್ಪ ಅಮ್ಮನ ಎದುರು ಕೂತು ಈ ಪ್ರಶ್ನೆಗೆ ಉತ್ತರ ಹೇಳಲು ಆಗದಿದ್ದರೆ ಹೋಗಬೇಡಿ.

2. ಅವಧಿಗೆ ಗೆರೆ ಎಳೆಯಿರಿ

ಸಂಬಳವಿಲ್ಲದೆ ಕಲಿಯಲು ಆರರಿಂದ ಎಂಟು ವಾರ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಕಾನೂನು ವಿದ್ಯಾರ್ಥಿಗಳ ವಿಷಯದಲ್ಲಿ ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್ ಕೇಳುತ್ತವೆ. ಆದರೆ ಅದನ್ನು ಇಡೀ ಕೋರ್ಸಿನುದ್ದಕ್ಕೂ ಹರಡಬೇಕು, ಒಂದೇ ಸಮನೆ ನಾಲ್ಕು ವಾರ ಮೀರಬಾರದು ಎಂದೂ ಹೇಳುತ್ತವೆ. ಕಲಿಕೆ ಎಲ್ಲಿಗೆ ಮುಗಿದು ಚಾಕರಿ ಎಲ್ಲಿಂದ ಶುರುವಾಗುತ್ತದೆ ಎಂಬ ಅಂದಾಜು ಈ ನಿಯಮದಲ್ಲಿದೆ. ಪತ್ರಿಕೋದ್ಯಮ, ಡಿಸೈನ್, ಜಾಹೀರಾತು, ಸ್ವಯಂಸೇವಾ ಸಂಸ್ಥೆಗಳಿಗೆ ಇಂಥ ನಿಯಮವಿಲ್ಲ. ಅಲ್ಲಿ ಗೆರೆ ಎಳೆಯಬೇಕಾದವರು ನೀವೇ.

'ಇನ್ನೊಂದು ತಿಂಗಳು ಇರಿ, ಹೆಡ್ ಆಫೀಸಿಗೆ ಫೈಲ್ ಹೋಗಿದೆ' ಎನ್ನುವುದು ಮೂಗಿಗೆ ತುಪ್ಪ ಸವರುವ ಮಾತು. ನಿಮ್ಮನ್ನು ತೆಗೆದುಕೊಳ್ಳುವ ಮನಸ್ಸಿದ್ದವರು ಎಂಟನೆಯ ವಾರಕ್ಕೆ ಸಂಬಳದ ಮಾತಾಡುತ್ತಾರೆ.

3. ದುಡ್ಡು ಕೇಳಿದರೆ ಎದ್ದು ಬನ್ನಿ

ವಿಟಿಯು ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾದ ಮೇಲೆ, ಶುಲ್ಕ ಪಡೆದು ಸರ್ಟಿಫಿಕೇಟ್ ಕೊಡುವ ಅಂಗಡಿಗಳು ಊರೂರಲ್ಲಿ ತೆರೆದುಕೊಂಡಿವೆ. ನಾಲ್ಕು ರೆಕಾರ್ಡೆಡ್ ವಿಡಿಯೊ ತೋರಿಸಿ, ಇಡೀ ತರಗತಿಗೆ ಒಂದೇ ಪ್ರಾಜೆಕ್ಟ್ ಹಂಚಿ, ಸೀಲು ಹಾಕಿ ಕಳಿಸುತ್ತಾರೆ. ಸಂದರ್ಶನದಲ್ಲಿ ಆ ಪ್ರಾಜೆಕ್ಟಿನ ಬಗ್ಗೆ ಎರಡನೆಯ ಪ್ರಶ್ನೆ ಕೇಳಿದೊಡನೆ ಬಂಡವಾಳ ಬಯಲಾಗುತ್ತದೆ.

ಕೆಲಸ ಕೊಡುವವರು ನಿಮ್ಮಿಂದ ಹಣ ಪಡೆಯಬಾರದು. ರಿಜಿಸ್ಟ್ರೇಷನ್ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೈನಿಂಗ್ ಫೀ ಎಂದು ಯಾವ ಹೆಸರಿಟ್ಟರೂ ಅದು ನಿಮ್ಮ ಜೇಬಿಗೆ ಹಾಕುವ ಕತ್ತರಿ. ವಾಟ್ಸ್ಆ್ಯಪ್, ಟೆಲಿಗ್ರಾಂನಲ್ಲಿ ಬರುವ 'ಮನೆಯಲ್ಲೇ ಕೂತು ಗಳಿಸಿ' ಸಂದೇಶಗಳೂ ಇದೇ ಜಾತಿಗೆ ಸೇರಿದವು. ಕಂಪನಿಯ ಹೆಸರನ್ನು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹುಡುಕಿ. ನೋಂದಣಿ ಆಗಿದೆಯೋ ಇಲ್ಲವೋ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಹಣ ಹೋಗಿಬಿಟ್ಟಿದ್ದರೆ ನಾಚಿಕೊಂಡು ಸುಮ್ಮನೆ ಕೂರಬೇಡಿ, ಕೂಡಲೇ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ದೂರು ಕೊಡುತ್ತೀರೋ ಹಣ ಮುಂದಿನ ಖಾತೆಗೆ ಸಾಗದಂತೆ ತಡೆಯುವುದು ಅಷ್ಟು ಸುಲಭ.

4. ಬಾಯಿಮಾತು ಬೇಡ, ಇಮೇಲ್ ಬೇಕು

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೌಕರರಿಗೆ ನೇಮಕಾತಿ ಪತ್ರ ಕೊಡುವುದನ್ನು ಕಡ್ಡಾಯ ಮಾಡಿವೆ. 'ಇಂಟರ್ನ್' ಎಂಬ ಹಣೆಪಟ್ಟಿ ಹಚ್ಚಿದವರಿಗೆ ಇಂಥ ರಕ್ಷಣೆ ಸಲೀಸಾಗಿ ದಕ್ಕುವುದಿಲ್ಲ. ಆದ್ದರಿಂದ ಸೇರುವ ಮೊದಲೇ ನಾಲ್ಕು ಸಂಗತಿಗಳನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ: ಯಾವ ದಿನದಿಂದ ಯಾವ ದಿನದವರೆಗೆ, ದಿನಕ್ಕೆ ಎಷ್ಟು ಗಂಟೆ, ಯಾರ ಕೈಕೆಳಗೆ, ಏನು ಕೆಲಸ. ಅವರು ಬರೆಯಲು ಮೀನಮೇಷ ಎಣಿಸಿದರೆ ನೀವೇ ಬರೆದು ಕಳಿಸಿ: 'ಸರ್, ಇವತ್ತು ಮಾತಾಡಿದ ಪ್ರಕಾರ ಸೋಮವಾರದಿಂದ ಎಂಟು ವಾರ ಬರುತ್ತೇನೆ. ದಯವಿಟ್ಟು ಖಚಿತಪಡಿಸಿ.' ಅದಕ್ಕೆ ಬರುವ 'ಓಕೆ'ಯೂ ಒಂದು ದಾಖಲೆಯೇ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಮೂಲ ಅಂಕಪಟ್ಟಿಯನ್ನು ಯಾವ ಕಂಪನಿಯ ಕೈಗೂ ಕೊಡಬೇಡಿ. 'ವೆರಿಫಿಕೇಷನ್‌ಗೆ ಇರಲಿ' ಎಂದು ಪಡೆದು, ಕೆಲಸ ಬಿಡುವಾಗ ಅದನ್ನೇ ಒತ್ತೆಯಂತೆ ಇಟ್ಟುಕೊಳ್ಳುವವರಿದ್ದಾರೆ. ಮೂಲ ಪ್ರತಿ ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ಚೀಲಕ್ಕೆ ಹಾಕಿಕೊಳ್ಳಿ. ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಸಿಗುವುದಾದರೆ ಅದನ್ನೇ ಕಳಿಸಿ. ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಲಕ್ಷ ಕಟ್ಟಬೇಕು ಎಂಬ ಬಾಂಡ್ ಮುಂದೆ ಇಟ್ಟರೆ ಅಲ್ಲೇ ಸಹಿ ಮಾಡಬೇಡಿ. ಮನೆಗೆ ತಂದು, ತಿಳಿದವರಿಂದ ಓದಿಸಿ.

5. ಸ್ಟೈಪೆಂಡ್ ಕೇಳಲು ಸಂಕೋಚ ಬೇಡ

ನಮ್ಮ ಮಕ್ಕಳಿಗೆ ದುಡ್ಡಿನ ಮಾತೆತ್ತಲು ಗಂಟಲು ಕಟ್ಟುತ್ತದೆ. ದೊಡ್ಡವರೆದುರು ಕೈಚಾಚಬಾರದೆಂದು ಬೆಳೆಸಿದ್ದೇವೆ. ಆದರೆ ದುಡಿಮೆಗೆ ಕೂಲಿ ಕೇಳುವುದು ಕೈಚಾಚುವುದಲ್ಲ. ವಿನಯದಿಂದಲೇ ಕೇಳಿ: 'ಮೇಡಂ, ಮೊದಲ ನಾಲ್ಕು ವಾರ ನಿಮ್ಮಲ್ಲಿ ಕಲಿಯುತ್ತೇನೆ. ಐದನೆಯ ವಾರದಿಂದ ನನ್ನ ಕೆಲಸ ನಿಮಗೆ ಉಪಯೋಗಕ್ಕೆ ಬಂದರೆ ಪಿಜಿ ಬಾಡಿಗೆ ಮತ್ತು ಊಟಕ್ಕಾಗುವಷ್ಟು ಸ್ಟೈಪೆಂಡ್ ಕೊಡಲು ಸಾಧ್ಯವೇ?'

ಪೂರ್ತಿ ಆಗದು ಎಂದರೆ ಬೇರೆ ರೀತಿ ಕೇಳಿ. ವಾರಕ್ಕೆ ಮೂರು ದಿನ ಮಾತ್ರ ಬರುವುದು, ಊರಿನಿಂದಲೇ ಕೆಲಸ ಮಾಡುವುದು, ಪ್ರಯಾಣದ ಖರ್ಚು, ಮಾಡಿದ ಕೆಲಸಕ್ಕೆ ನಿಮ್ಮ ಹೆಸರು ಹಾಕುವುದು ಇವೆಲ್ಲ ಕೇಳಬಹುದಾದವೇ. ಬರೆದ ಲೇಖನಕ್ಕೆ ಬೈಲೈನ್ ಸಿಕ್ಕರೆ ಮುಂದಿನ ಸಂದರ್ಶನದಲ್ಲಿ ತೋರಿಸಲು ಅದೇ ಆಧಾರವಾಗುತ್ತದೆ.

6. ಅಪ್ರೆಂಟಿಸ್ ದಾರಿಯನ್ನು ಮೊದಲು ನೋಡಿ

ಬಿಟ್ಟಿ ಇಂಟರ್ನ್‌ಶಿಪ್‌ಗೆ ತಲೆಬಾಗುವ ಎಷ್ಟೋ ಮಂದಿಗೆ ಈ ದಾರಿ ಇರುವುದೇ ಗೊತ್ತಿಲ್ಲ. ಅದಕ್ಕಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1961ರ ಅಪ್ರೆಂಟಿಸ್ ಕಾಯ್ದೆಯ ಅಡಿ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ ಇದೆ; ಹುಡುಗರ ಬಾಯಲ್ಲಿ ಇದು 'ನ್ಯಾಟ್ಸ್'. 2019ರಲ್ಲಿ ತಿದ್ದಿದ ನಿಯಮಗಳು ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾ ಮಾಡಿದವರಿಗೆ 8,000 ರೂಪಾಯಿ ನಿಗದಿ ಮಾಡಿದವು. ಈ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ತನ್ನ ಸಿಬ್ಬಂದಿ ಬಲದ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಇದು ಎಂಜಿನಿಯರುಗಳಿಗಷ್ಟೇ ಎಂಬ ತಪ್ಪು ತಿಳಿವಳಿಕೆ ಬಲವಾಗಿದೆ. 2014ರ ತಿದ್ದುಪಡಿಯ ನಂತರ ಬಿಎ, ಬಿಕಾಂ, ಬಿಎಸ್ಸಿ ಮಾಡಿದವರಿಗೂ ಬಾಗಿಲು ತೆರೆದಿದೆ. ಬೆಂಗಳೂರಿನ ಎಚ್‌ಎಎಲ್, ಬಿಇಎಲ್‌ನಂಥ ಸಾರ್ವಜನಿಕ ಉದ್ಯಮಗಳು ಪದವೀಧರ ಅಪ್ರೆಂಟಿಸ್‌ಗಳನ್ನು ಕರೆಯುತ್ತಲೇ ಇರುತ್ತವೆ. ಪದವಿ ಮುಗಿದ ಕೆಲವೇ ವರ್ಷಗಳೊಳಗೆ ಅರ್ಜಿ ಹಾಕಬೇಕು. ತಡಮಾಡಿದರೆ ಅವಕಾಶ ತಪ್ಪುತ್ತದೆ.

ಇದರಲ್ಲೊಂದು ಜಾಣ ಉಪಾಯವಿದೆ. ಸಣ್ಣ ಕಂಪನಿಯೊಂದು 'ನಿಮ್ಮನ್ನು ಇಷ್ಟಪಟ್ಟಿದ್ದೇವೆ, ಆದರೆ ಕೊಡಲು ದುಡ್ಡಿಲ್ಲ' ಎಂದರೆ, 'ಸರ್, ನ್ಯಾಟ್ಸ್ ಮೂಲಕ ತೆಗೆದುಕೊಳ್ಳಬಹುದಲ್ಲ, ಅರ್ಧ ಸರ್ಕಾರ ಕೊಡುತ್ತದೆ' ಎಂದು ಹೇಳಿ. ಎಷ್ಟೋ ಸಣ್ಣ ಉದ್ಯಮಿಗಳಿಗೆ ಇದು ಹೊಸ ಸುದ್ದಿ.

ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆಯೂ ಇದೆ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ 21ರಿಂದ 24 ವರ್ಷದವರಿಗೆ, ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ, ತಿಂಗಳಿಗೆ 5,000 ರೂಪಾಯಿ ಮತ್ತು ಒಂದು ಸಲಕ್ಕೆ 6,000 ರೂಪಾಯಿ ಎಂದು ಗೊತ್ತುಮಾಡಲಾಗಿತ್ತು. ಬೆಂಗಳೂರಿನ ಖರ್ಚಿಗೆ ಅದು ಸಾಲದು. ಆದರೆ ಮನೆಗೆ ಹತ್ತಿರದ ಊರಿನಲ್ಲಿ ಜಾಗ ಸಿಕ್ಕರೆ ಬಿಡಬೇಡಿ. ಎರಡೂ ಯೋಜನೆಗಳ ಈಗಿನ ದರ, ವಯಸ್ಸಿನ ಮಿತಿಯನ್ನು ಆಯಾ ಪೋರ್ಟಲ್‌ನಲ್ಲೇ ನೋಡಿಕೊಂಡು ಅರ್ಜಿ ಹಾಕಿ.

7. ಯುವನಿಧಿ ನಿಮ್ಮ ಹಕ್ಕು

ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕ ಯೋಜನೆ ಇದು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು, ಇನ್ನೂ ನಿರುದ್ಯೋಗಿ ಎಂದು ಆಗಾಗ ಸ್ವಯಂ ಘೋಷಣೆ ಕೊಡಬೇಕು. ಅದನ್ನು ಮರೆತು ಹಣ ನಿಲ್ಲಿಸಿಕೊಂಡವರಿದ್ದಾರೆ. ಸ್ಟೈಪೆಂಡ್ ಬರುವ ಅಪ್ರೆಂಟಿಸ್ ಆದರೆ ಇದು ಸಿಗದು.

8. ಪ್ರತಿ ಶುಕ್ರವಾರ ಮಾಡಿದ ಕೆಲಸ ಬರೆದಿಡಿ

ಇಂಟರ್ನ್‌ಶಿಪ್ ಮುಗಿದ ಮೇಲೆ ರೆಸ್ಯೂಮೆ ಬರೆಯಲು ಕೂತರೆ ಏನು ಮಾಡಿದೆವೆಂಬುದೇ ನೆನಪಿರುವುದಿಲ್ಲ. ಆಗ ಹುಟ್ಟುವುದು ಇಂಥ ಸಾಲು: 'ಡಿಜಿಟಲ್ ಮಾರ್ಕೆಟಿಂಗ್ ಇಂಟರ್ನ್ ಆಗಿ ಮೂರು ತಿಂಗಳು ಕೆಲಸ ಮಾಡಿ ತಂಡದೊಂದಿಗೆ ಬೆರೆಯುವುದನ್ನು ಕಲಿತೆ.' ಇದನ್ನು ಓದಿದವರಿಗೆ ನಿಮ್ಮ ಬಗ್ಗೆ ಏನೂ ತಿಳಿಯದು. ಅದೇ ಕೆಲಸವನ್ನು ಹೀಗೆ ಬರೆದು ನೋಡಿ: 'ಜಯನಗರದ ಬಟ್ಟೆ ಅಂಗಡಿಯೊಂದರ ಇನ್‌ಸ್ಟಾಗ್ರಾಂ ಖಾತೆಗೆ ಎರಡು ತಿಂಗಳಲ್ಲಿ 40 ಕನ್ನಡ ಪೋಸ್ಟ್ ಬರೆದೆ, ದರ ವಿಚಾರಿಸುವ ಮೆಸೇಜುಗಳು ದಿನಕ್ಕೆ ಐದರಿಂದ ಹದಿನೈದಕ್ಕೇರಿದವು.' ಈ ಸಾಲಿನಲ್ಲಿ ಕೆಲಸವೂ ಇದೆ, ಫಲವೂ ಇದೆ, ಮುಂದಿನ ಪ್ರಶ್ನೆ ಕೇಳಲು ಎಡೆಯೂ ಇದೆ.

ವಾರವಾರ ಮೂರು ಸಾಲು ಬರೆದಿಟ್ಟರೆ ಸಾಕು. ಎರಡು ವಾರ ಸತತವಾಗಿ ಬರೆಯಲು ಏನೂ ಇಲ್ಲದೆ ಹೋದರೆ, ಫೋಟೊಕಾಪಿ, ಕಾಫಿ, ಎಕ್ಸೆಲ್ ತುಂಬುವುದರಲ್ಲೇ ದಿನ ಕಳೆದಿದ್ದರೆ, ಅಲ್ಲಿ ನೀವು ಕಲಿಯುತ್ತಿಲ್ಲ. ಮೇಲಿನವರಿಗೆ ಒಮ್ಮೆ ಹೇಳಿ. ಬದಲಾಗದಿದ್ದರೆ ಹೊರಡಿ.

9. ನೂರು ಕಡೆ ಅರ್ಜಿ ಎಸೆಯುವ ಬದಲು ಸೀನಿಯರ್‌ಗೆ ಬರೆಯಿರಿ

ನೌಕ್ರಿ, ಲಿಂಕ್ಡ್‌ಇನ್, ಇಂಟರ್ನ್‌ಶಾಲಾ ಬೇಕು. ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಲ್ಲೂ ಹೆಸರು ಇರಲಿ. ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ 'ಅಪ್ಲೈ' ಗುಂಡಿ ಒತ್ತುತ್ತ ಕೂತರೆ ದುಡಿದ ಭ್ರಮೆಯಷ್ಟೇ ಉಳಿಯುತ್ತದೆ. ಕೆಲಸ ಖಾಲಿಯಿರುವ ಸುದ್ದಿ ಜಾಹೀರಾತಿಗಿಂತ ಮುಂಚೆ ಒಳಗಿರುವವರಿಗೆ ಗೊತ್ತಿರುತ್ತದೆ. ಅವರು ರೆಫರಲ್ ಕೊಟ್ಟರೆ ನಿಮ್ಮ ರೆಸ್ಯೂಮೆಯನ್ನು ಒಬ್ಬ ಮನುಷ್ಯ ತೆರೆದು ನೋಡುವ ಸಾಧ್ಯತೆ ಹೆಚ್ಚು.

ನಿಮ್ಮ ಕಾಲೇಜಿನಿಂದ ಎರಡು ಮೂರು ವರ್ಷ ಮೊದಲು ಹೊರಬಿದ್ದವರ ಪಟ್ಟಿ ಮಾಡಿ. 'ಅಕ್ಕಾ, ನಾನು ನಮ್ಮ ಕಾಲೇಜಿನ ಬಿಕಾಂ. ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್ ಬರುತ್ತದೆ. ನಿಮ್ಮ ಆಫೀಸಿನ ಅಕೌಂಟ್ಸ್ ವಿಭಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವಾಗ ಏನು ನೋಡುತ್ತಾರೆ? ಹತ್ತು ನಿಮಿಷ ಮಾತಾಡಲು ಆಗುತ್ತಾ?' ಎಂದು ಬರೆಯಿರಿ. 'ಒಂದು ಕೆಲಸ ಕೊಡಿಸಿ' ಎಂದರೆ ಅವರು ಹಿಂಜರಿಯುತ್ತಾರೆ. ಕೆಲಸದ ಬಗ್ಗೆ ಕೇಳಿದರೆ ಹೇಳುತ್ತಾರೆ, ಹೇಳುತ್ತಲೇ ನಿಮ್ಮನ್ನು ನೆನಪಿಟ್ಟುಕೊಳ್ಳುತ್ತಾರೆ.

10. ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯಬೇಡಿ, ಬೆಂಗಳೂರಿಗಷ್ಟೇ ಅಂಟಿಕೊಳ್ಳಬೇಡಿ

ಕನ್ನಡ ಮಾಧ್ಯಮದಲ್ಲಿ ಓದಿದವರು ಸಂದರ್ಶನದಲ್ಲಿ ಸೋಲುವುದು ವಿಷಯ ಗೊತ್ತಿಲ್ಲದೆ ಅಲ್ಲ, ಗೊತ್ತಿರುವುದನ್ನು ಹೇಳುವ ಅಭ್ಯಾಸವಿಲ್ಲದೆ. ಇಡೀ ಇಂಗ್ಲಿಷನ್ನು ಕಲಿಯಲು ಹೊರಡಬೇಡಿ. ನಿಮ್ಮ ಪರಿಚಯ, ನಿಮ್ಮ ಪ್ರಾಜೆಕ್ಟು, ಅದರಲ್ಲಿ ಎದುರಾದ ಒಂದು ತೊಡಕು, ಅದನ್ನು ಬಿಡಿಸಿದ ಬಗೆ ಇಷ್ಟನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿ, ತಿದ್ದಿ, ಮತ್ತೆ ಹೇಳಿ. ತಿಂಗಳೊಳಗೆ ನಾಲಿಗೆ ಹಿಡಿತಕ್ಕೆ ಬರುತ್ತದೆ.

ಹಾಗೆಯೇ ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲೂ ಐಟಿ ಕಂಪನಿಗಳಿವೆ. ಬೆಳಗಾವಿಯಲ್ಲಿ ಫೌಂಡ್ರಿ, ವಿಮಾನ ಬಿಡಿಭಾಗಗಳ ಘಟಕಗಳಿವೆ. ಮನೆಯಿಂದ ಬಸ್ಸಿನಲ್ಲಿ ಹೋಗಿಬರುವ ಕಡೆ ಸಿಗುವ 15,000, ಬೆಂಗಳೂರಿನ 22,000ಕ್ಕಿಂತ ಹೆಚ್ಚು ಉಳಿಸೀತು. ಮೊದಲನೆಯ ಸೂತ್ರದ ಹಾಳೆ ತೆಗೆದು ಕಳೆದು ನೋಡಿ.

11. ಆಫರ್ ಲೆಟರ್ ಬಂದರೂ ಹುಡುಕಾಟ ಮುಂದುವರಿಯಲಿ

2022ರಲ್ಲಿ ಪಾಸಾದ ಎಂಜಿನಿಯರುಗಳಲ್ಲಿ ಅನೇಕರು ದೊಡ್ಡ ಐಟಿ ಕಂಪನಿಗಳ ಆಫರ್ ಲೆಟರ್ ಹಿಡಿದು ಒಂದು, ಎರಡು ವರ್ಷ ಕಾದರು. ಹಾಗೆ ಕಾದು ಸೇರಿದವರೂ ಇದ್ದ ತಂಡದಲ್ಲಿ ಮುನ್ನೂರಕ್ಕೂ ಹೆಚ್ಚು ಟ್ರೈನಿಗಳನ್ನು, ಆಂತರಿಕ ಪರೀಕ್ಷೆ ಪಾಸಾಗಲಿಲ್ಲವೆಂದು, 2025ರ ಫೆಬ್ರುವರಿಯಲ್ಲಿ ಅಂಥ ಕಂಪನಿಯೊಂದರ ಮೈಸೂರಿನ ತರಬೇತಿ ಕೇಂದ್ರದಿಂದ ಹೊರಕಳಿಸಲಾಯಿತು. ಸೇರುವ ದಿನಾಂಕ ನಮೂದಾಗದ ಆಫರ್ ಲೆಟರ್ ಬರೀ ಭರವಸೆ. ಐಡಿ ಕಾರ್ಡ್ ಕೊರಳಿಗೆ ಬೀಳುವವರೆಗೆ ಉಳಿದ ಸಂದರ್ಶನಗಳಿಗೆ ಹೋಗುತ್ತಲೇ ಇರಿ.

ಸರ್ಕಾರಿ ನೌಕರಿಗೆ ಓದುವವರಿಗೂ ಇದು ಅನ್ವಯಿಸುತ್ತದೆ. 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಧಾರವಾಡದ, ವಿಜಯನಗರದ ಕೋಣೆಗಳಲ್ಲಿ ಅಷ್ಟು ಕಾಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವರ ತಪ್ಪೇನೂ ಇರಲಿಲ್ಲ. ಆದರೂ ಕಳೆದ ವರ್ಷಗಳನ್ನು ಯಾರೂ ತಿರುಗಿ ಕೊಡುವುದಿಲ್ಲ. ಓದಿ, ಜೊತೆಗೆ ಅರ್ಧ ದಿನದ ಕೆಲಸವೊಂದನ್ನು ಹಿಡಿದುಕೊಂಡೇ ಓದಿ.

12. ನಕಲಿ ಅನುಭವ ಕೊಳ್ಳಬೇಡಿ, ಅವಮಾನ ನುಂಗಬೇಡಿ

ಎರಡು ವರ್ಷದ ಅನುಭವ ಪತ್ರ, ಸಂಬಳ ಚೀಟಿ ಎಲ್ಲವನ್ನೂ ಮಾರುವ ಕನ್ಸಲ್ಟೆನ್ಸಿಗಳಿವೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಪಿಎಫ್ ಖಾತೆಯ ಇತಿಹಾಸ ನೋಡಿದೊಡನೆ ಸುಳ್ಳು ಹೊರಬರುತ್ತದೆ. ಕೆಲಸ ಸಿಕ್ಕು ಆರು ತಿಂಗಳಾದ ಮೇಲೂ ಮನೆಗೆ ಕಳಿಸುತ್ತಾರೆ.

ಇನ್ನು ಹೆಣ್ಣುಮಕ್ಕಳು ತಪ್ಪದೆ ತಿಳಿದಿರಬೇಕಾದ ಮಾತು: ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಟ್ರೈನಿ, ಅಪ್ರೆಂಟಿಸ್‌ಗಳನ್ನೂ ಒಳಗೊಳ್ಳುತ್ತದೆ, ಸಂಬಳ ಇದ್ದರೂ ಇಲ್ಲದಿದ್ದರೂ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದಿಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸರ್ಟಿಫಿಕೇಟ್ ತಪ್ಪೀತೆಂದು ಸಹಿಸಿಕೊಳ್ಳಬೇಡಿ.

13. ಕೆಲಸ ಸಿಕ್ಕ ಮೇಲೆ ಹಿಂದೆ ಬರುವವರ ಕೈ ಹಿಡಿಯಿರಿ

ವರ್ಷದೊಳಗೆ ನಿಮ್ಮ ಪಕ್ಕದ ಕುರ್ಚಿಗೂ ಒಬ್ಬ ಇಂಟರ್ನ್ ಬರುತ್ತಾರೆ. ಅವರಿಗೆ ಎಷ್ಟು ಕೊಡುತ್ತಿದ್ದೀರಿ ಎಂದು ನಿಮ್ಮ ಮ್ಯಾನೇಜರನ್ನು ಕೇಳಿ. ಏನೂ ಇಲ್ಲ ಎಂದರೆ ಮೀಟಿಂಗಿನಲ್ಲಿ ಮತ್ತೊಮ್ಮೆ ಕೇಳಿ. ಒಬ್ಬರು ಕೇಳಿದರೆ ಬದಲಾಗದ ಪದ್ಧತಿ ನಾಲ್ವರು ಕೇಳಿದಾಗ ಬದಲಾಗುತ್ತದೆ.

ಕಂಪನಿ ನಡೆಸುವವರಲ್ಲೂ ನನ್ನ ಕೋರಿಕೆ ಇದೆ. ನಿಮ್ಮ ಕೆಲಸ ಮಾಡಿಕೊಡುವ ಮಕ್ಕಳಿಗೆ ಪಿಜಿ ಬಾಡಿಗೆ, ಊಟ, ಬಸ್ಸಿಗೆ ಆಗುವಷ್ಟನ್ನಾದರೂ ಕೊಡಿ. ಕೈಲಾಗದು ಎನ್ನುವ ಮೊದಲು ನ್ಯಾಟ್ಸ್‌ನಲ್ಲಿ ಹೆಸರು ನೋಂದಾಯಿಸಿ. 9,000ದ ಲೆಕ್ಕದಲ್ಲಿ 4,500 ರೂಪಾಯಿ ಸರ್ಕಾರದ್ದು.